ಫ್ರೀಬಿಎಸ್‌ಡಿಯಲ್ಲಿ ಜಿಪಿಜಿ ಕೈಕೊಟ್ಟರೆ: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ಫ್ರೀಬಿಎಸ್‌ಡಿ ಎಂಬುದು ಲಿನಕ್ಸಿನ ತರಹದ ಒಂದು ಆಪರೇಟಿಂಗ್ ಸಿಸ್ಟಂ. ಜಿಪಿಜಿ ಎಂಬುದು ಫೈಲುಗಳನ್ನು ಬೇರೆಯವರು ಓದಲಾಗದ ಹಾಗೆ ಮಾಡುವ, ಅಂದರೆ ಎನ್‌ಕ್ರಿಪ್ಟ್ ಮಾಡುವ ಪ್ರೋಗ್ರಾಂ. ಫ್ರೀಬಿಎಸ್‌ಡಿಯಲ್ಲಿ ಜಿಪಿಜಿ ಹಾಕಿಕೊಂಡವರ ಗೋಳು ಹೆಚ್ಚುಕಡಿಮೆ ಒಂದೇ ತರಹದ್ದು. ಇನ್‌ಸ್ಟಾಲ್ ಆಯಿತು. ಹಳೇ ಕಂಪ್ಯೂಟರಿನಿಂದ ಕೀ (ಫೈಲಿಗೆ ಬೀಗ ಹಾಕಿ ತೆಗೆಯುವ ಡಿಜಿಟಲ್ ಕೀಲಿ) ತಂದದ್ದೂ ಆಯಿತು. ಫೈಲ್ ಬಿಡಿಸಲು ಹೋದರೆ ‘ಪಬ್ಲಿಕ್ ಕೀ ಡಿಕ್ರಿಪ್ಶನ್ ಫೇಲ್ಡ್’ ಎಂದು ಒಂದು ಸಾಲು ಬರುತ್ತದೆ, ಅಷ್ಟೇ. ಅದನ್ನು ಓದಿದವರಿಗೆ ಕೀ ಹಾಳಾಯಿತು ಅನ್ನಿಸುವುದು ಸಹಜ. ಆಮೇಲೆ ಅವರು ಮಾಡುವ ಕೆಲಸ ಒಂದೇ: ‘.ಜಿಎನ್‌ಯುಪಿಜಿ’ ಎಂಬ, ಕೀಗಳಿರುವ ಫೋಲ್ಡರನ್ನೇ ಅಳಿಸಿ ಮೊದಲಿಂದ ಶುರು ಮಾಡುವುದು. ದಯವಿಟ್ಟು ಅದೊಂದು ಮಾಡಬೇಡಿ. ಬಹುತೇಕ ಸಲ ಕೀ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಪಾಸ್‌ಫ್ರೇಸ್ (ಕೀ ತೆರೆಯುವ ಗುಟ್ಟಿನ ಪದ) ಕೇಳುವ ದಾರಿ. ಫೋಲ್ಡರ್ ಅಳಿಸಿದರೆ ಸರಿ ಇದ್ದ ಒಂದೇ ವಸ್ತುವನ್ನು ಅಳಿಸಿದ ಹಾಗೆ.

ಇದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ವರ್ನರ್ ಕಾಖ್ 1997ರ ಕೊನೆಯಲ್ಲಿ ಮೊದಲ ಆವೃತ್ತಿ ಬಿಟ್ಟಾಗ ಜಿಪಿಜಿ ಒಂದೇ ಪ್ರೋಗ್ರಾಂ ಆಗಿತ್ತು. 2014ರ ನವೆಂಬರಿನಲ್ಲಿ ಬಂದ 2.1 ಆವೃತ್ತಿಯಿಂದ ಹಾಗಿಲ್ಲ. ಈಗ ನಾವು ಕರೆಯುವ ಜಿಪಿಜಿ ನಿಮ್ಮ ಗುಟ್ಟಿನ ಕೀಯನ್ನು (ಫೈಲ್ ಬಿಡಿಸುವ ಕೀ; ಎನ್‌ಕ್ರಿಪ್ಟ್ ಮಾಡಲು ಬೇರೆಯವರಿಗೆ ಕೊಡುವುದು ಪಬ್ಲಿಕ್ ಕೀ) ಮುಟ್ಟುವುದೇ ಇಲ್ಲ. ಆ ಕೀ ಇರುವುದು ಜಿಪಿಜಿ-ಏಜೆಂಟ್ ಎಂಬ ಇನ್ನೊಂದು ಪ್ರೋಗ್ರಾಂ ಕೈಯಲ್ಲಿ. ಪಾಸ್‌ಫ್ರೇಸ್ ಕೇಳುವವನು ಪಿನ್‌ಎಂಟ್ರಿ. ಪಬ್ಲಿಕ್ ಕೀಗಳನ್ನು ಹಂಚುವ ಕೀಸರ್ವರಿಗೆ ಹೋಗಿ ಬರುವವನು ಡಿರ್‌ಮ್ಯಾಂಜರ್. ಸ್ಮಾರ್ಟ್‌ಕಾರ್ಡ್ ಇದ್ದರೆ ಅದನ್ನು ನೋಡಿಕೊಳ್ಳುವವನು ಎಸ್‌ಸಿಡೀಮನ್. ಈ ಕೂಟದಲ್ಲಿ ಯಾರು ಎಡವಿದರೂ ನಮಗೆ ಸುದ್ದಿ ಹೇಳುವುದು ಜಿಪಿಜಿ ಒಂದೇ. ಅದೂ ತನ್ನದೇ ಮಾತಿನಲ್ಲಿ ಹೇಳುತ್ತದೆ. ಹಾಗಾಗಿ ‘ಏನು ತಪ್ಪಾಯಿತು’ ಎಂದು ಕೇಳುವ ಮೊದಲು ‘ಯಾರು ಎಡವಿದರು’ ಎಂದು ಕೇಳಬೇಕು. ಈ ಬರಹ ಪೂರ್ತಿ ಇರುವುದು ಅದೊಂದೇ ಪ್ರಶ್ನೆಯ ಮೇಲೆ.

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಅಲ್ಲಿ ಇವರನ್ನೆಲ್ಲ ಪರಸ್ಪರ ಪರಿಚಯ ಮಾಡಿಸುವ ಕೆಲಸವನ್ನು ಡಿಸ್ಟ್ರೋದವರು (ಲಿನಕ್ಸನ್ನು ಜೋಡಿಸಿ ಹಂಚುವವರು) ಮೊದಲೇ ಮಾಡಿರುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಆ ಕೆಲಸದ ಒಂದು ಪಾಲು ನಮ್ಮ ತಲೆ ಮೇಲೆ ಬೀಳುತ್ತದೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಕೈ ಹಾಕುವ ಮುನ್ನ

ಮೊದಲು ‘.ಜಿಎನ್‌ಯುಪಿಜಿ’ ಫೋಲ್ಡರನ್ನು ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಪಕ್ಕಕ್ಕಿಡಿ. ಎರಡು ನಿಮಿಷದ ಕೆಲಸ. ಇದಾದ ಮೇಲೆ ಎಷ್ಟು ಕೆದಕಿದರೂ ಭಯವಿಲ್ಲ.

ಆಮೇಲೆ ‘ಜಿಪಿಜಿ --ವರ್ಷನ್’ ಕೊಡಿ. ಮೇಲಿನ ಸಾಲಿನಲ್ಲಿ ಆವೃತ್ತಿ ಇರುತ್ತದೆ. ಕೆಳಗೆ ‘ಹೋಮ್’ ಎಂಬಲ್ಲಿ ಅದು ಯಾವ ಫೋಲ್ಡರ್ ನೋಡುತ್ತಿದೆ ಎಂದು ಇರುತ್ತದೆ. ನೀವು ಅಂದುಕೊಂಡ ಫೋಲ್ಡರ್ ಅದೇ ಹೌದಾ? ‘ಸುಡೋ’ ಹಾಕಿ ಓಡಿಸಿದ್ದರೆ ಅದು ರೂಟ್‌ನ (ಯಂತ್ರದ ಪೂರ್ತಿ ಹಕ್ಕಿರುವ ಬಳಕೆದಾರನ) ಫೋಲ್ಡರ್ ನೋಡುತ್ತಿರಬಹುದು. ಅರ್ಧ ಸಂಜೆ ನುಂಗುವ ಎಷ್ಟೋ ತೊಂದರೆಗಳು ಈ ಒಂದು ಸಾಲಿನಲ್ಲೇ ಬಯಲಾಗುತ್ತವೆ.

ಮೂರನೆಯದು ‘ಜಿಪಿಜಿಕಾನ್ಫ್ --ಚೆಕ್-ಪ್ರೋಗ್ರಾಮ್ಸ್’. ಇದು ಇಡೀ ಕೂಟದ ಹಾಜರಿ ತೆಗೆದುಕೊಳ್ಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲಿನಲ್ಲಿ ಪ್ರೋಗ್ರಾಂ ಇರುವ ಜಾಗ, ಅದರ ಮುಂದೆ ಎರಡು ಗುರುತು. ಮೊದಲನೆಯ 1 ಎಂದರೆ ಪ್ರೋಗ್ರಾಂ ಇದೆ. ಎರಡನೆಯ 1 ಎಂದರೆ ಅದರ ಸೆಟ್ಟಿಂಗ್ ಫೈಲ್ ಸರಿಯಾಗಿ ಓದಲು ಬರುತ್ತದೆ. ಎರಡರಲ್ಲಿ ಒಂದು ಜಾಗ ಖಾಲಿ ಇದ್ದರೂ ಅವನೇ ಆಸಾಮಿ. ಸೆಟ್ಟಿಂಗ್ ಫೈಲಿನಲ್ಲಿ ತಪ್ಪಿದ್ದರೆ ಎಷ್ಟನೇ ಸಾಲು ಎಂದು ಕೂಡ ಹೇಳುತ್ತದೆ. ಇಷ್ಟು ಒಳ್ಳೆಯ ಆಜ್ಞೆಯನ್ನು ಬಳಸುವವರು ಏಕೆ ಕಡಿಮೆಯೋ ನನಗೆ ಅರ್ಥವಾಗಿಲ್ಲ.

ಇನ್‌ಸ್ಟಾಲ್ ಆಗುವುದೇ ಇಲ್ಲ

ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜ್ ಹಾಕುವ ಆಜ್ಞೆ ಪಿಕೆಜಿ. ಮಾಮೂಲಿಯಾಗಿ ‘ಪಿಕೆಜಿ ಇನ್‌ಸ್ಟಾಲ್ ಜಿಎನ್‌ಯುಪಿಜಿ’ ಸಾಕು. ಪ್ಯಾಕೇಜ್ ಸಿಗಲಿಲ್ಲ ಎಂದರೆ ಮೊದಲು ‘ಪಿಕೆಜಿ ಅಪ್‌ಡೇಟ್ -ಎಫ್’ ಕೊಟ್ಟು ಪಟ್ಟಿಯನ್ನು ಹೊಸದಾಗಿ ತರಿಸಿ. ಆಗಲೂ ಇಲ್ಲವೆಂದರೆ ನಿಮ್ಮ ಫ್ರೀಬಿಎಸ್‌ಡಿ ಆವೃತ್ತಿಯ ಆಯುಸ್ಸು ಮುಗಿದಿರಬಹುದು. ಹಳೆಯ ಆವೃತ್ತಿಗಳ ಪ್ಯಾಕೇಜುಗಳನ್ನು ಸರ್ವರಿನಲ್ಲಿ ಸದಾ ಇಟ್ಟುಕೊಂಡಿರುವುದಿಲ್ಲ. ಆಗ ಮೊದಲು ಸಿಸ್ಟಂ ಅಪ್‌ಗ್ರೇಡ್ ಮಾಡಬೇಕು. ಬೇರೆ ಅಡ್ಡದಾರಿ ಹುಡುಕಬೇಡಿ. ‘ನ್ಯೂವರ್ ಫ್ರೀಬಿಎಸ್‌ಡಿ ವರ್ಷನ್’ ಎಂದು ಪಿಕೆಜಿ ಗೊಣಗಿದರೂ ಅರ್ಥ ಇದೇ: ಪ್ಯಾಕೇಜ್ ಹೊಸದು, ನಿಮ್ಮ ಸಿಸ್ಟಂ ಹಳೆಯದು. ಆ ಎಚ್ಚರಿಕೆಯನ್ನು ಕಡೆಗಣಿಸುವ ಉಪಾಯವನ್ನೂ ಅದೇ ಸಂದೇಶ ತಿಳಿಸುತ್ತದೆ. ಎನ್‌ಕ್ರಿಪ್ಶನ್ ಪ್ರೋಗ್ರಾಂ ವಿಷಯದಲ್ಲಿ ಆ ಉಪಾಯ ಬೇಡ.

ರಾಸ್ಪ್‌ಬೆರಿ ಪೈ ತರಹದ ಬೋರ್ಡ್‌ನಲ್ಲಿ ಹಾಕುತ್ತಿದ್ದರೆ ಮೊದಲು ಗಡಿಯಾರ ನೋಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಕರೆಂಟ್ ಹೋದಾಗ ಸಮಯ ನೆನಪಿಟ್ಟುಕೊಳ್ಳುವ ಬ್ಯಾಟರಿ ಗಡಿಯಾರ ಇಲ್ಲ. ದಿನಾಂಕ ಹಿಂದಕ್ಕೆ ಹೋದರೆ ಸರ್ವರಿನ ಸರ್ಟಿಫಿಕೇಟ್ ಒಪ್ಪಿಗೆಯಾಗುವುದಿಲ್ಲ. ಹೇಗೋ ಇನ್‌ಸ್ಟಾಲ್ ಆದರೂ ಆಮೇಲೆ ಜಿಪಿಜಿ ‘ಈ ಕೀ ಭವಿಷ್ಯದಲ್ಲಿ ಹುಟ್ಟಿದೆ’ ಎಂಬ ಅರ್ಥದ ‘ಟೈಮ್ ವಾರ್ಪ್ ಆರ್ ಕ್ಲಾಕ್ ಪ್ರಾಬ್ಲಂ’ ಸಂದೇಶ ಕೊಡುತ್ತದೆ. ಪರಿಹಾರ ಸುಲಭ. ‘ಆರ್‌ಸಿ.ಕಾನ್ಫ್’ನಲ್ಲಿ ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿಡಿ ಸೇವೆಯನ್ನು ಚಾಲೂ ಮಾಡಿ. ಜೊತೆಗೆ ‘ಎನ್‌ಟಿಪಿಡಿ_ಸಿಂಕ್_ಆನ್_ಸ್ಟಾರ್ಟ್’ ಅನ್ನೂ ‘ಯೆಸ್’ ಮಾಡಿ. ಇದಿಲ್ಲದಿದ್ದರೆ ವ್ಯತ್ಯಾಸ ತುಂಬಾ ಜಾಸ್ತಿ ಇದ್ದಾಗ ಎನ್‌ಟಿಪಿಡಿ ಸುಮ್ಮನೆ ಕೈಚೆಲ್ಲುತ್ತದೆ.

ಇನ್‌ಸ್ಟಾಲ್ ಆಯಿತು, ಓಡುವುದಿಲ್ಲ

‘ಶೇರ್ಡ್ ಆಬ್ಜೆಕ್ಟ್ ... ನಾಟ್ ಫೌಂಡ್, ರಿಕ್ವೈರ್ಡ್ ಬೈ ಜಿಪಿಜಿ’. ಮಧ್ಯದಲ್ಲಿ ಒಂದು ಲೈಬ್ರರಿಯ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲಿನ) ಹೆಸರು. ಅದು ಹೆಚ್ಚಾಗಿ ಲಿಬ್‌ಅಸ್ಸುವಾನ್ ಅಥವಾ ಲಿಬ್‌ಜಿಕ್ರಿಪ್ಟ್. ಎಡವಿದವರು ಈ ಕೂಟದ ಒಳಗಿನವರಲ್ಲ, ಅವರಿಗೆ ಸಾಮಾನು ಒದಗಿಸುವವರು.

ಹೀಗಾಗಲು ಎರಡು ಕಾರಣ. ಫ್ರೀಬಿಎಸ್‌ಡಿಯ ಪ್ಯಾಕೇಜುಗಳು ಎರಡು ಧಾರೆಯಲ್ಲಿ ಬರುತ್ತವೆ. ‘ಕ್ವಾರ್ಟರ್ಲಿ’ ಎಂಬುದು ಮೂರು ತಿಂಗಳಿಗೊಮ್ಮೆ ಹೊಸದಾಗಿ ಕವಲೊಡೆಯುತ್ತದೆ. ‘ಲೇಟೆಸ್ಟ್’ ದಿನವೂ ಮುಂದೆ ಓಡುತ್ತಿರುತ್ತದೆ. ಒಂದು ಪ್ಯಾಕೇಜ್ ಇಲ್ಲಿಂದ, ಇನ್ನೊಂದು ಅಲ್ಲಿಂದ ತಂದರೆ ಜಿಪಿಜಿ ಕೇಳುವ ಲೈಬ್ರರಿಯ ಸಂಖ್ಯೆ ಒಂದು, ಸಿಸ್ಟಂನಲ್ಲಿರುವ ಸಂಖ್ಯೆ ಇನ್ನೊಂದು ಆಗುತ್ತದೆ. 2024ರಲ್ಲಿ ಲಿಬ್‌ಅಸ್ಸುವಾನ್ 3.0 ಬಂದಾಗ ಅದರ ಫೈಲಿನ ಕೊನೆಯ ಸಂಖ್ಯೆ 0 ಇದ್ದದ್ದು 9 ಆಯಿತು. ಅರ್ಧ ಮಾತ್ರ ಅಪ್‌ಗ್ರೇಡ್ ಮಾಡಿದವರಿಗೆ ಈ ಏಟು ಬೀಳುತ್ತದೆ. ಎರಡನೇ ಕಾರಣ, 13ರಿಂದ 14ಕ್ಕೆ ಹೋದ ಹಾಗೆ ದೊಡ್ಡ ಆವೃತ್ತಿ ದಾಟಿದ ಮೇಲೆ ಹಳೇ ಪ್ಯಾಕೇಜುಗಳನ್ನು ಹಾಗೆಯೇ ಬಿಟ್ಟಿರುವುದು.

ಮೊದಲನೆಯದಕ್ಕೆ ಒಂದೇ ಧಾರೆ ಹಿಡಿದು ‘ಪಿಕೆಜಿ ಅಪ್‌ಗ್ರೇಡ್’. ಎರಡನೆಯದಕ್ಕೆ ‘ಪಿಕೆಜಿ-ಸ್ಟ್ಯಾಟಿಕ್ ಅಪ್‌ಗ್ರೇಡ್ -ಎಫ್’. ಸ್ಟ್ಯಾಟಿಕ್ ಏಕೆಂದರೆ ಪಿಕೆಜಿಯೇ ಲೈಬ್ರರಿ ಕಳೆದುಕೊಂಡು ಕೂತಿರಬಹುದು. ಆಮೇಲೆ ‘ಪಿಕೆಜಿ ಚೆಕ್ -ಡಿ -ಎ’ ಕೊಟ್ಟರೆ ಇನ್ನೂ ಏನು ಕೊರತೆ ಇದೆ ಎಂದು ತಿಳಿಯುತ್ತದೆ.

9ರ ಫೈಲಿಗೆ 0 ಎಂಬ ಹೆಸರಿನಲ್ಲಿ ಲಿಂಕ್ ಕೊಟ್ಟು ‘ಸರಿಹೋಯಿತು’ ಅನ್ನುವವರಿದ್ದಾರೆ. ಸಂಖ್ಯೆ ಬದಲಾಗುವುದೇ ಒಳಗಿನ ಒಪ್ಪಂದ ಬದಲಾಗಿದೆ ಎಂದು ಹೇಳಲಿಕ್ಕೆ. ವಿಡಿಯೋ ಪ್ಲೇಯರಿನಲ್ಲಿ ಇಂಥ ಆಟ ಆಡಿದರೆ ಚಿತ್ರ ನಿಲ್ಲಬಹುದು, ಅಷ್ಟೇ. ಇಲ್ಲಿ ಆಡಬೇಡಿ.

ಪಿನ್‌ಎಂಟ್ರಿ: ಬಹುಪಾಲು ತೊಂದರೆ ಇರುವ ಜಾಗ

ಪಾಸ್‌ಫ್ರೇಸ್ ಕೇಳುವ ಕೆಲಸಕ್ಕೆ ಬೇರೆ ಪ್ರೋಗ್ರಾಂ ಏಕೆ ಎಂದರೆ, ಗುಟ್ಟಿನ ಪದ ಓದುವ ಭಾಗ ಪುಟ್ಟದಾಗಿರಲಿ, ಪರದೆಗೆ ತಕ್ಕ ಹಾಗೆ ಬದಲಿಸುವಂತಿರಲಿ ಎಂದು. ಟರ್ಮಿನಲ್‌ಗೆ ‘ಪಿನ್‌ಎಂಟ್ರಿ-ಕರ್ಸಸ್’ ಮತ್ತು ‘ಪಿನ್‌ಎಂಟ್ರಿ-ಟಿಟಿವೈ’. ಕಿಟಕಿಗಳಿರುವ ಡೆಸ್ಕ್‌ಟಾಪಿಗೆ ಜಿಟಿಕೆ, ಕ್ಯೂಟಿ ರೂಪಗಳು. ಫ್ರೀಬಿಎಸ್‌ಡಿಯಲ್ಲಿ ಇವೆಲ್ಲ ಬೇರೆ ಬೇರೆ ಪ್ಯಾಕೇಜ್.

‘ನೋ ಪಿನ್‌ಎಂಟ್ರಿ’ ಎಂದು ಬಂದರೆ ಅದು ಇಲ್ಲ, ಅಥವಾ ಇರುವ ಜಾಗ ಏಜೆಂಟಿಗೆ ಗೊತ್ತಿಲ್ಲ. ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜಿನಿಂದ ಬಂದದ್ದೆಲ್ಲ ‘ಯುಎಸ್ಆರ್-ಲೋಕಲ್’ ಅಡಿಯಲ್ಲಿರುತ್ತದೆ. ಲಿನಕ್ಸಿನಿಂದ ತಂದ ‘ಜಿಪಿಜಿ-ಏಜೆಂಟ್.ಕಾನ್ಫ್’ ಫೈಲಿನಲ್ಲಿ ‘ಪಿನ್‌ಎಂಟ್ರಿ-ಪ್ರೋಗ್ರಾಂ’ ಎಂಬ ಸಾಲು ಇದ್ದು, ಅದರಲ್ಲಿ ‘ಲೋಕಲ್’ ಇಲ್ಲದ ಹಾದಿ ಇದ್ದರೆ ಸಿಗುವುದಾದರೂ ಹೇಗೆ? ಸಾಲು ತಿದ್ದಿ ‘ಜಿಪಿಜಿಕಾನ್ಫ್ --ಕಿಲ್ ಜಿಪಿಜಿ-ಏಜೆಂಟ್’ ಕೊಡಿ. ಏಜೆಂಟನ್ನು ಮತ್ತೆ ಎಬ್ಬಿಸಬೇಕಿಲ್ಲ. ಮುಂದಿನ ಸಲ ಜಿಪಿಜಿ ತಾನೇ ಎಬ್ಬಿಸಿಕೊಳ್ಳುತ್ತದೆ. ಫೈಲ್ ತಿದ್ದಿ ಏಜೆಂಟನ್ನು ಹಾಗೇ ಬಿಟ್ಟರೆ ಅದು ಹಳೇ ಸೆಟ್ಟಿಂಗಿನಲ್ಲೇ ಇರುತ್ತದೆ, ‘ಏನು ಮಾಡಿದರೂ ಬದಲಾಗುತ್ತಿಲ್ಲ’ ಎಂಬ ಗೋಳು ಶುರುವಾಗುತ್ತದೆ.

ಪಿನ್‌ಎಂಟ್ರಿ ತಾನಾಗಿ ಓಡುತ್ತದೋ ಇಲ್ಲವೋ ನೋಡಲು ಟರ್ಮಿನಲ್‌ನಲ್ಲಿ ಸುಮ್ನೆ ‘ಪಿನ್‌ಎಂಟ್ರಿ’ ಎಂದು ಹೊಡೆಯಿರಿ. ‘ಓಕೆ ಪ್ಲೀಸ್ಡ್ ಟು ಮೀಟ್ ಯೂ’ ಎಂದು ಅದು ನಮಸ್ಕಾರ ಹೇಳಬೇಕು. ಹೇಳಿದರೆ ಪ್ರೋಗ್ರಾಂ ಸರಿ ಇದೆ. ‘ಬೈ’ ಎಂದು ಹೊಡೆದು ಹೊರಬನ್ನಿ. ಲೈಬ್ರರಿ ಇಲ್ಲವೆಂದರೆ ಹಿಂದಿನ ಭಾಗಕ್ಕೆ ಹೋಗಿ.

ಇನ್ನು ಎಲ್ಲರನ್ನೂ ಕಾಡುವ ಸಂದೇಶ: ‘ಇನ್‌ಅಪ್ರೋಪ್ರಿಯೇಟ್ ಐಯಾಕ್ಟಲ್ ಫಾರ್ ಡಿವೈಸ್’. ಕೇಳಲು ಡಿಸ್ಕ್ ಕೆಟ್ಟ ಹಾಗಿದೆ, ಅಲ್ವಾ? ಅರ್ಥ ಇಷ್ಟೇ: ಪಾಸ್‌ಫ್ರೇಸ್ ಯಾವ ಟರ್ಮಿನಲ್‌ನಲ್ಲಿ ಕೇಳಬೇಕು ಎಂದು ಪಿನ್‌ಎಂಟ್ರಿಗೆ ಗೊತ್ತಾಗಲಿಲ್ಲ. ಏಜೆಂಟ್ ಹಿನ್ನೆಲೆಯಲ್ಲಿ ಓಡುವವನು, ಅವನಿಗೆ ತನ್ನದೇ ಟರ್ಮಿನಲ್ ಇಲ್ಲ. ‘ಜಿಪಿಜಿ_ಟಿಟಿವೈ’ ಎಂಬ ವೇರಿಯಬಲ್‌ನಲ್ಲಿ ನಾವೇ ಹೇಳಬೇಕು. ಈ ಹೆಸರು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲಿರಬೇಕು. ಅದರ ಬೆಲೆ ‘ಟಿಟಿವೈ’ ಆಜ್ಞೆ ಕೊಡುವ ಉತ್ತರ.

ಇದನ್ನು ಬರೆಯುವ ರೀತಿ ನಿಮ್ಮ ಶೆಲ್ (ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಮೇಲೆ ನಿಂತಿದೆ. ಫ್ರೀಬಿಎಸ್‌ಡಿಯ ವಿಶೇಷ ತೊಡಕು ಇರುವುದು ಇಲ್ಲೇ. ಬಹಳ ಕಾಲ ಅದರ ರೂಟ್ ಬಳಕೆದಾರನ ಶೆಲ್ ಸಿ-ಶೆಲ್ ಆಗಿತ್ತು. 2023ರ ನವೆಂಬರಿನ 14.0 ಆವೃತ್ತಿಯಲ್ಲಿ ಅದನ್ನು ‘ಎಸ್‌ಎಚ್’ ಮಾಡಿದರು. ಹಳೆಯದರಿಂದ ಅಪ್‌ಗ್ರೇಡ್ ಆಗಿ ಬಂದ ಯಂತ್ರಗಳಲ್ಲಿ ಈಗಲೂ ಸಿ-ಶೆಲ್ ಇರಬಹುದು. ಎಲ್ಲಿ ನೋಡಿದರೂ ಸಿಗುವ ಸಲಹೆ ‘ಎಕ್ಸ್‌ಪೋರ್ಟ್’ ಎಂದು ಶುರುವಾಗುತ್ತದೆ. ಸಿ-ಶೆಲ್‌ಗೆ ಆ ಪದವೇ ಗೊತ್ತಿಲ್ಲ. ಅಲ್ಲಿ ‘ಸೆಟ್‌ಎನ್ವ್’ ಎಂದು ಬರೆದು, ಹೆಸರು ಮತ್ತು ಬೆಲೆಯ ನಡುವೆ ಸಮ ಚಿಹ್ನೆ ಹಾಕದೆ ಜಾಗ ಬಿಡಬೇಕು, ‘.ಸಿಎಸ್‌ಎಚ್‌ಆರ್‌ಸಿ’ ಫೈಲಿನಲ್ಲಿ ಇಡಬೇಕು. ಎಸ್‌ಎಚ್ ಆದರೆ ‘.ಎಸ್‌ಎಚ್‌ಆರ್‌ಸಿ’ಯಲ್ಲಿ ‘ಎಕ್ಸ್‌ಪೋರ್ಟ್’ ಹಾಕಿದರೆ ಆಯಿತು. ಯಾವ ಶೆಲ್ ಎಂದು ಗೊತ್ತಿಲ್ಲವೆಂದರೆ ‘ಎಕೋ’ ಬರೆದು ಡಾಲರ್ ಚಿಹ್ನೆ, ಸೊನ್ನೆ ಹೊಡೆಯಿರಿ.

ವೇರಿಯಬಲ್ ಸರಿ ಇದ್ದೂ ‘ಪರ್ಮಿಷನ್ ಡಿನೈಡ್’ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಬೇರೆ ಹೆಸರಿನಲ್ಲಿ ಲಾಗಿನ್ ಆಗಿ, ‘ಎಸ್‌ಯು’ ಮಾಡಿ ಈ ಬಳಕೆದಾರನಾಗಿ ಬಂದಿರಾ? ಹಾಗಾದರೆ ಟರ್ಮಿನಲ್ ಇನ್ನೂ ಮೊದಲು ಲಾಗಿನ್ ಆದವನ ಸ್ವತ್ತು. ಪಿನ್‌ಎಂಟ್ರಿಗೆ ಅದನ್ನು ತೆರೆಯುವ ಹಕ್ಕಿಲ್ಲ. ಸಂದೇಶ ನೋಡಿ ಕೀ ಫೈಲುಗಳ ಪರ್ಮಿಷನ್ ಬದಲಿಸುತ್ತಾ ಕೂರುವವರು ತುಂಬಾ ಜನ. ಅದರಿಂದ ಏನೂ ಆಗದು. ನೇರವಾಗಿ ಆ ಬಳಕೆದಾರನಾಗಿಯೇ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಬನ್ನಿ. ಅದು ಆಗದಿದ್ದರೆ ಎಸ್‌ಯು ಆದ ಮೇಲೆ ಟಿಮಕ್ಸ್ ತೆರೆದು ಅದರೊಳಗೆ ಕೆಲಸ ಮಾಡಿ. ಟಿಮಕ್ಸ್ ಹೊಸ ಟರ್ಮಿನಲ್ ಹುಟ್ಟಿಸುತ್ತದೆ, ಅದರ ಒಡೆಯ ನೀವೇ ಆಗಿರುತ್ತೀರಿ. ಹೊಸ ಟರ್ಮಿನಲ್ ಆದ್ದರಿಂದ ಜಿಪಿಜಿ_ಟಿಟಿವೈ ಅನ್ನೂ ಮತ್ತೆ ಇಡಬೇಕು ಎನ್ನುವುದು ಮರೆಯಬೇಡಿ.

ಅದೇ ಟಿಮಕ್ಸ್‌ನಲ್ಲಿ ಪರದೆಯನ್ನು ನಾಲ್ಕು ಚೂರು ಮಾಡಿಕೊಂಡಿದ್ದರೆ ‘ಸ್ಕ್ರೀನ್ ಆರ್ ವಿಂಡೋ ಟೂ ಸ್ಮಾಲ್’ ಬರಬಹುದು. ಇದೊಂದು ಸಂದೇಶ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಚೂರನ್ನು ದೊಡ್ಡದು ಮಾಡಿ.

ಏಜೆಂಟನ್ನೇ ಎಸ್‌ಎಸ್‌ಎಚ್ ಕೀಗಳಿಗೂ ಬಳಸುತ್ತಿದ್ದರೆ ಇನ್ನೊಂದು ವಿಚಿತ್ರ ಇದೆ. ಆಜ್ಞೆ ಕೊಟ್ಟಿರಿ, ಏನೂ ಆಗುತ್ತಿಲ್ಲ, ಕರ್ಸರ್ ಮಿನುಗುತ್ತಿದೆ. ಪಾಸ್‌ಫ್ರೇಸ್ ಕೇಳುವ ಪೆಟ್ಟಿಗೆ ಏಜೆಂಟ್ ಮೊದಲು ಎದ್ದ ಬೇರೊಂದು ಟರ್ಮಿನಲ್‌ನಲ್ಲೋ ಡೆಸ್ಕ್‌ಟಾಪಿನಲ್ಲೋ ತೆರೆದುಕೊಂಡು ಕಾಯುತ್ತಿರುತ್ತದೆ. ಎಸ್‌ಎಸ್‌ಎಚ್‌ಗೆ ತನ್ನ ಟರ್ಮಿನಲ್ ಯಾವುದೆಂದು ಏಜೆಂಟಿಗೆ ಹೇಳುವ ಪದ್ಧತಿ ಇಲ್ಲ. ‘ಜಿಪಿಜಿ-ಕನೆಕ್ಟ್-ಏಜೆಂಟ್ ಅಪ್‌ಡೇಟ್‌ಸ್ಟಾರ್ಟ್‌ಅಪ್‌ಟಿಟಿವೈ /ಬೈ’ ಎಂದು ಕೊಟ್ಟರೆ ಏಜೆಂಟ್ ನೀವಿರುವ ಕಡೆಗೆ ತಿರುಗುತ್ತಾನೆ.

ಹೊಸ ಕೀ ಹುಟ್ಟಿಸುವಾಗ ಹೀಗೆ ನಿಂತುಬಿಟ್ಟರೂ ಪಿನ್‌ಎಂಟ್ರಿಯ ಮೇಲೇ ಸಂಶಯಪಡಿ. ಹಳೇ ಲಿನಕ್ಸ್ ಬರಹಗಳು ‘ರ‍್ಯಾಂಡಮ್ ಸಾಲುತ್ತಿಲ್ಲ, ಮೌಸ್ ಆಡಿಸಿ, ಇನ್ನೊಂದು ಪ್ರೋಗ್ರಾಂ ಹಾಕಿ’ ಎನ್ನುತ್ತವೆ. ಫ್ರೀಬಿಎಸ್‌ಡಿಯ ರ‍್ಯಾಂಡಮ್ ಡಿವೈಸ್ ಬೂಟ್ ಆಗುವಾಗ ಒಮ್ಮೆ ಬೀಜ ಪಡೆದ ಮೇಲೆ ಯಾರನ್ನೂ ಕಾಯಿಸುವುದಿಲ್ಲ. ಮೌಸ್ ಆಡಿಸಿ ಉಪಯೋಗವಿಲ್ಲ.

ಏಜೆಂಟ್ ಸಿಗುವುದೇ ಇಲ್ಲ

‘ಕಾಂಟ್ ಕನೆಕ್ಟ್ ಟು ದ ಏಜೆಂಟ್’ ಅಥವಾ ‘ಐಪಿಸಿ ಕನೆಕ್ಟ್ ಕಾಲ್ ಫೇಲ್ಡ್’ ಎಂದರೆ ಜಿಪಿಜಿ ಮತ್ತು ಏಜೆಂಟ್ ಮಾತಾಡುವ ಸಾಕೆಟ್ ಕೆಟ್ಟಿದೆ. ಎಲ್ಲಿದೆ ನೋಡಲು ‘ಜಿಪಿಜಿಕಾನ್ಫ್ --ಲಿಸ್ಟ್-ಡಿರ್ಸ್ ಏಜೆಂಟ್-ಸಾಕೆಟ್’. ಈಗಿನ ಲಿನಕ್ಸ್‌ನಲ್ಲಿ ಇದು ‘ರನ್-ಯೂಸರ್’ ಅಡಿಯಲ್ಲಿ ಪುಟ್ಟ ಹಾದಿಯಲ್ಲಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಆ ಫೋಲ್ಡರ್ ಸಾಮಾನ್ಯವಾಗಿ ಇಲ್ಲದ್ದರಿಂದ ಸಾಕೆಟ್ .ಜಿಎನ್‌ಯುಪಿಜಿ ಫೋಲ್ಡರಿನೊಳಗೇ ಕೂರುತ್ತದೆ.

ಇದರಿಂದ ಎರಡು ಪರಿಣಾಮ. ಒಂದು, ಹಾದಿಯ ಉದ್ದ. ಸಾಕೆಟ್ ಹೆಸರಿಗೆ ಫ್ರೀಬಿಎಸ್‌ಡಿ ಕೊಡುವುದು 104 ಬೈಟ್ ಮಾತ್ರ. ಲಿನಕ್ಸ್‌ನಲ್ಲಿ 108. ಪ್ರಯೋಗಕ್ಕೆಂದು ಪ್ರಾಜೆಕ್ಟ್ ಫೋಲ್ಡರಿನ ಹತ್ತು ಪದರದ ಒಳಗೆ ಬೇರೆ ಜಿಪಿಜಿ ಹೋಮ್ ಇಟ್ಟುಕೊಂಡವರು ಈ ಮಿತಿ ದಾಟಿಬಿಡುತ್ತಾರೆ. ಚಿಕ್ಕ ಹಾದಿಗೆ ಬದಲಿಸಿದರೆ ತಕ್ಷಣ ಸರಿಹೋಗುತ್ತದೆ. ಎರಡು, ಕೀಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು ಅದನ್ನೇ ಹೋಮ್ ಮಾಡಿಕೊಂಡವರ ತೊಂದರೆ. ಪೆನ್‌ಡ್ರೈವ್ ಫ್ಯಾಟ್ ಮಾದರಿಯದ್ದಾದರೆ ಅದರಲ್ಲಿ ಸಾಕೆಟ್ ಎಂಬ ವಸ್ತುವನ್ನು ಹುಟ್ಟಿಸಲು ಬರುವುದೇ ಇಲ್ಲ. ಕೀಗಳನ್ನು ಡಿಸ್ಕಿಗೆ ತಂದುಕೊಳ್ಳಿ. ಅಥವಾ ಪೆನ್‌ಡ್ರೈವನ್ನು ಫ್ರೀಬಿಎಸ್‌ಡಿಯದೇ ಆದ ಯುಎಫ್‌ಎಸ್ ಮಾದರಿಯದ್ದು ಮಾಡಿ.

ಪೆನ್‌ಡ್ರೈವ್‌ನಿಂದ ನಕಲು ಮಾಡಿ ತಂದ ಫೋಲ್ಡರಿಗೆ ‘ಅನ್‌ಸೇಫ್ ಪರ್ಮಿಷನ್ಸ್’ ಎಂಬ ಎಚ್ಚರಿಕೆಯೂ ಬರುತ್ತದೆ. ಒಡೆಯನಿಗೆ ಮಾತ್ರ ಹಕ್ಕು ಕೊಡುವ ಪರ್ಮಿಷನ್ ಇಡಿ: ಫೋಲ್ಡರಿಗೆ 700, ಒಳಗಿನ ಫೈಲುಗಳಿಗೆ 600. ‘ಅನ್‌ಸೇಫ್ ಓನರ್‌ಶಿಪ್’ ಎಂದರೆ ಯಾವಾಗಲೋ ಸುಡೋ ಹಾಕಿ ಓಡಿಸಿದಾಗ ಕೆಲವು ಫೈಲುಗಳು ರೂಟ್ ಹೆಸರಿಗೆ ಹೋಗಿವೆ. ‘ಚೌನ್ -ಆರ್’ ಮಾಡಿ ವಾಪಸ್ ಪಡೆಯಿರಿ. ಇಲ್ಲಿನ ‘ಆರ್’ ದೊಡ್ಡಕ್ಷರ.

‘ನೋ ಸೀಕ್ರೆಟ್ ಕೀ’

ಈಗ ಮಾತ್ರ ಕೀಯ ಬಗ್ಗೆ ಯೋಚಿಸಬೇಕು. ಮೊದಲು ಫೈಲನ್ನು ಯಾವ ಕೀಗೆ ಎನ್‌ಕ್ರಿಪ್ಟ್ ಮಾಡಿದ್ದಾರೆ ಎಂದು ‘ಜಿಪಿಜಿ --ಲಿಸ್ಟ್-ಪ್ಯಾಕೆಟ್ಸ್’ ಕೊಟ್ಟು ನೋಡಿ. ಆಮೇಲೆ ನಿಮ್ಮಲ್ಲಿ ಯಾವ ಗುಟ್ಟಿನ ಕೀ ಇದೆ ಎಂದು ‘ಜಿಪಿಜಿ --ಲಿಸ್ಟ್-ಸೀಕ್ರೆಟ್-ಕೀಸ್’. ಎರಡರ ಐಡಿ ಹೊಂದಬೇಕು. ಲಿಸ್ಟ್‌ನಲ್ಲಿ ಉಪಕೀಗಳ (ಮುಖ್ಯ ಕೀಯ ಅಡಿಯಲ್ಲಿರುವ ಕೀಗಳ) ಐಡಿ ಕಾಣಲು ‘--ಕೀಐಡಿ-ಫಾರ್ಮ್ಯಾಟ್ ಲಾಂಗ್’ ಸೇರಿಸಿ. ಕಳಿಸಿದವರು ನಿಮ್ಮ ಹಳೇ ಕೀಗೆ ಮಾಡಿದ್ದರೆ ಪರಿಹಾರ ಅವರ ಕೈಯಲ್ಲಿದೆ. ಲಿಸ್ಟ್‌ನಲ್ಲಿ ಕೀಯ ಪಕ್ಕ ‘#’ ಗುರುತು ಇದ್ದರೆ ಆ ಗುಟ್ಟಿನ ಭಾಗ ಈ ಯಂತ್ರದಲ್ಲಿಲ್ಲ ಎಂದರ್ಥ. ‘>’ ಇದ್ದರೆ ಅದು ಕಾರ್ಡಿನಲ್ಲಿದೆ. ಕಾರ್ಡ್ ಇದ್ದೂ ಕಾಣದಿದ್ದರೆ, ಕಾರ್ಡ್ ಓದುವ ಇನ್ನೊಂದು ಸೇವೆಯಾದ ಪಿಸಿಎಸ್‌ಸಿಡಿ ಓಡುತ್ತಿದೆಯೇ ನೋಡಿ. ಓಡುತ್ತಿದ್ದರೆ ಅದೂ ಎಸ್‌ಸಿಡೀಮನ್ನೂ ಒಂದೇ ಕಾರ್ಡಿಗೆ ಕಿತ್ತಾಡುತ್ತಿರುತ್ತವೆ. ‘ಎಸ್‌ಸಿಡೀಮನ್.ಕಾನ್ಫ್’ನಲ್ಲಿ ‘ಡಿಸೇಬಲ್-ಸಿಸಿಐಡಿ’ ಬರೆದು ಎಸ್‌ಸಿಡೀಮನನ್ನು ಕಿಲ್ ಮಾಡಿ.

ಹಳೇ ಯಂತ್ರದಿಂದ ಕೀ ತಂದವರಿಗೆ ಒಂದು ಮರೆಯ ಗುಂಡಿ ಇದೆ. 1.4 ಮತ್ತು 2.0 ಆವೃತ್ತಿಗಳು ಗುಟ್ಟಿನ ಕೀಗಳನ್ನು ‘ಸೆಕ್‌ರಿಂಗ್.ಜಿಪಿಜಿ’ ಎಂಬ ಒಂದೇ ಫೈಲಿನಲ್ಲಿಡುತ್ತಿದ್ದವು. 2.1ರಿಂದ ಅವು ‘ಪ್ರೈವೇಟ್-ಕೀಸ್-ವಿ1.ಡಿ’ ಫೋಲ್ಡರಿನಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಹೊಸ ಜಿಪಿಜಿ ಮೊದಲ ಸಲ ಓಡಿದಾಗ ಹಳೆಯದನ್ನು ಹೊಸದಕ್ಕೆ ಸಾಗಿಸಿ, ಸಾಗಿಸಿದ್ದಕ್ಕೆ ಗುರುತಾಗಿ ‘.ಜಿಪಿಜಿ-ವಿ21-ಮೈಗ್ರೇಟೆಡ್’ ಎಂಬ ಖಾಲಿ ಫೈಲ್ ಇಡುತ್ತದೆ. ಆ ಗುರುತು ಬಿದ್ದ ಮೇಲೆ ನೀವು ಸೆಕ್‌ರಿಂಗ್ ತಂದು ಹಾಕಿದರೆ ಅದರತ್ತ ತಿರುಗಿಯೂ ನೋಡುವುದಿಲ್ಲ. ದೋಷ ಸಂದೇಶವೂ ಇಲ್ಲ. ‘ಜಿಪಿಜಿ --ಇಂಪೋರ್ಟ್’ ಕೊಟ್ಟು ಆ ಫೈಲನ್ನು ಕೈಯಾರೆ ಸೇರಿಸಿದರೆ ಕೀ ಬರುತ್ತದೆ.

ಇದೇ ಜಾತಿಯ ಇನ್ನೊಂದು: 2.4ರಲ್ಲಿ ‘ಕಾಮನ್.ಕಾನ್ಫ್’ ಫೈಲಿನಲ್ಲಿ ‘ಯೂಸ್-ಕೀಬಾಕ್ಸ್‌ಡಿ’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಪಬ್ಲಿಕ್ ಕೀಗಳು ಬೇರೆ ಡೇಟಾಬೇಸಿನಲ್ಲಿರುತ್ತವೆ. ನೀವು ನಕಲು ಮಾಡಿ ತಂದ ‘ಪಬ್‌ರಿಂಗ್.ಕೆಬಿಎಕ್ಸ್’ ಅಲ್ಲೇ ಬಿದ್ದಿರುತ್ತದೆ, ಯಾರೂ ಓದುವುದಿಲ್ಲ. ಕೀಗಳೆಲ್ಲ ಮಾಯ ಎಂದು ಗಾಬರಿ ಬೀಳುವವರು ಮೊದಲು ಈ ಸಾಲು ನೋಡಲಿ.

ನನ್ನ ಕೇಳಿದರೆ ಫೋಲ್ಡರ್ ನಕಲು ಮಾಡುವ ಅಭ್ಯಾಸವನ್ನೇ ಬಿಡಬೇಕು. ಹಳೇ ಯಂತ್ರದಲ್ಲಿ ‘--ಎಕ್ಸ್‌ಪೋರ್ಟ್-ಸೀಕ್ರೆಟ್-ಕೀಸ್’, ‘--ಎಕ್ಸ್‌ಪೋರ್ಟ್’ ಮತ್ತು ‘--ಎಕ್ಸ್‌ಪೋರ್ಟ್-ಓನರ್‌ಟ್ರಸ್ಟ್’ ಕೊಟ್ಟು ಮೂರು ಫೈಲ್ ಮಾಡಿ, ಹೊಸದರಲ್ಲಿ ಇಂಪೋರ್ಟ್ ಮಾಡಿ. ಆವೃತ್ತಿ ಯಾವುದಿದ್ದರೂ ನಡೆಯುತ್ತದೆ.

ಪಾಸ್‌ಫ್ರೇಸ್ ಸರಿ ಇದ್ದೂ ‘ಬ್ಯಾಡ್ ಪಾಸ್‌ಫ್ರೇಸ್’: ಕನ್ನಡದಲ್ಲಿ ಇಟ್ಟವರಿಗೆ

ಇದು ಇಂಗ್ಲಿಷ್ ಬರಹಗಳಲ್ಲಿ ಅಷ್ಟಾಗಿ ಸಿಗದ ದೋಷ. ಯಾರಿಗೂ ಹೊಳೆಯಬಾರದು ಎಂದು ಕೆಲವರು ಪಾಸ್‌ಫ್ರೇಸನ್ನೇ ಕನ್ನಡ ಲಿಪಿಯಲ್ಲಿ ಇಟ್ಟಿರುತ್ತಾರೆ. ಒಂದು ಯಂತ್ರದಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಇಲ್ಲ. ಕಣ್ಣಿಗೆ ಅಕ್ಷರ ಒಂದೇ.

ಜಿಪಿಜಿ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ‘ಕೋಟೆ’ ಎಂಬ ಪದ ತೆಗೆದುಕೊಳ್ಳಿ. ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಉದ್ದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಕೀಬೋರ್ಡ್ ಪ್ರೋಗ್ರಾಂ ಬದಲಾದರೆ ಯಾವುದು ಬರುತ್ತದೆ ಎಂದು ಹೇಳಲಾಗದು. ‘ರ‍್ಯ’ ಬರೆಯಲು ಬಳಸುವ, ಕಣ್ಣಿಗೆ ಕಾಣದ ಜೋಡಣೆ ಅಕ್ಷರದ್ದೂ ಇದೇ ಕತೆ. ಇವನ್ನೆಲ್ಲ ಒಂದೇ ರೂಪಕ್ಕೆ ತರುವ ಕೆಲಸವನ್ನು ಜಿಪಿಜಿ ಮಾಡುವುದಿಲ್ಲ.

ಪರೀಕ್ಷಿಸುವ ದಾರಿ: ಎರಡೂ ಯಂತ್ರದಲ್ಲಿ ಪಾಸ್‌ಫ್ರೇಸ್ ಅಲ್ಲದ, ಅದೇ ತರಹದ ಸ್ವರಗಳಿರುವ ಬೇರೊಂದು ಪದವನ್ನು ಫೈಲಿಗೆ ಬರೆದು ‘ಹೆಕ್ಸ್‌ಡಂಪ್ -ಸಿ’ಯಲ್ಲಿ ಹೋಲಿಸಿ. ಇಲ್ಲಿ ‘ಸಿ’ ದೊಡ್ಡಕ್ಷರ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬರುತ್ತದೆ. ಲೆಕ್ಕ ತಪ್ಪಿದರೆ ಕಳ್ಳ ಸಿಕ್ಕ. ಪಾಸ್‌ಫ್ರೇಸನ್ನೇ ಫೈಲಿಗೆ ಬರೆಯಬೇಡಿ ಎಂದು ಬೇರೆ ಹೇಳಬೇಕಿಲ್ಲ ತಾನೇ?

ಫ್ರೀಬಿಎಸ್‌ಡಿಯ ಬರಿಯ ಕನ್ಸೋಲಿನಲ್ಲಿ ಕನ್ನಡ ಟೈಪ್ ಮಾಡಲು ಬರುವುದಿಲ್ಲ, ಒತ್ತಕ್ಷರ ಜೋಡಿಸಿ ತೋರಿಸಲೂ ಬರುವುದಿಲ್ಲ. ಡೆಸ್ಕ್‌ಟಾಪ್ ಕೈಕೊಟ್ಟ ದಿನ ಕನ್ಸೋಲಿನಿಂದ ಫೈಲ್ ಬಿಡಿಸಬೇಕಾಗಿ ಬಂದರೆ ಏನು ಮಾಡುತ್ತೀರಿ? ಹಾಗಾಗಿ ಹಳೇ ಯಂತ್ರ ಇನ್ನೂ ಕೈಯಲ್ಲಿರುವಾಗಲೇ ‘ಜಿಪಿಜಿ --ಚೇಂಜ್-ಪಾಸ್‌ಫ್ರೇಸ್’ ಕೊಟ್ಟು ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿಕೊಳ್ಳಿ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಯಾರ ತಕರಾರೂ ಇಲ್ಲ.

ಕೀಯ ಮೇಲಿನ ಹೆಸರು ಕನ್ನಡದಲ್ಲಿದ್ದರೆ ಇಷ್ಟು ತೊಂದರೆಯಿಲ್ಲ. ಲಿಸ್ಟ್ ಮಾಡಿದಾಗ ಹೆಸರಿನ ಜಾಗದಲ್ಲಿ ಹಿಂಬಾಗಿದ ಗೆರೆ, ಎಕ್ಸ್ ಮತ್ತು ಸಂಖ್ಯೆಗಳ ಸಾಲು ಬಂದರೆ ಕೀ ಹಾಳಾಗಿಲ್ಲ, ನಿಮ್ಮ ಲೊಕೇಲ್ (ಭಾಷೆ ಮತ್ತು ಅಕ್ಷರ ಸಂಕೇತದ ಸೆಟ್ಟಿಂಗ್) ಯುಟಿಎಫ್-8 ಅಲ್ಲ. ಫ್ರೀಬಿಎಸ್‌ಡಿ 13.0ರಿಂದ ಹೊಸ ಬಳಕೆದಾರರಿಗೆ ಅದು ತಾನಾಗಿ ಯುಟಿಎಫ್-8 ಇರುತ್ತದೆ. ಹಳೇ ‘ಲಾಗಿನ್.ಕಾನ್ಫ್’ ಉಳಿಸಿಕೊಂಡವರು ಅದನ್ನು ತಿದ್ದಿ ‘ಕ್ಯಾಪ್_ಎಂಕೆಡಿಬಿ’ ಓಡಿಸಿ, ಲಾಗ್‌ಔಟ್ ಆಗಿ ಬರಬೇಕು.

ಉಳಿದ ಕೆಲವು

ಹೇಳಿದ ಹೊತ್ತಿಗೆ ತಾನಾಗಿ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ ರಾತ್ರಿ ಬ್ಯಾಕಪ್ ಎನ್‌ಕ್ರಿಪ್ಟ್ ಆಗುತ್ತಿಲ್ಲವೇ? ಕ್ರಾನ್‌ನ ಹಾದಿಯಲ್ಲಿ ‘ಯುಎಸ್ಆರ್-ಲೋಕಲ್-ಬಿನ್’ ಇಲ್ಲದಿರಬಹುದು. ಜಿಪಿಜಿಯ ಪೂರ್ತಿ ಹಾದಿ ಬರೆಯಿರಿ. ಎನ್‌ಕ್ರಿಪ್ಟ್ ಮಾಡಲು ಪಬ್ಲಿಕ್ ಕೀ ಸಾಕು, ಪಾಸ್‌ಫ್ರೇಸ್ ಬೇಕಿಲ್ಲ, ಹಾಗಾಗಿ ಪಿನ್‌ಎಂಟ್ರಿಯ ಗೊಡವೆಯೂ ಇಲ್ಲ. ಆದರೆ ಆ ಕೀಯನ್ನು ನೀವು ನಂಬುತ್ತೀರಿ ಎಂದು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಕೈಯಿಂದ ಓಡಿಸಿದಾಗ ‘ಹೌದಾ, ಅಲ್ಲವಾ’ ಎಂದು ಕೇಳುವ ಜಿಪಿಜಿ, ಕ್ರಾನ್‌ನಲ್ಲಿ ಕೇಳಲು ಯಾರೂ ಇಲ್ಲದೆ ‘ಅನ್‌ಯೂಸಬಲ್ ಪಬ್ಲಿಕ್ ಕೀ’ ಎಂದು ನಿಲ್ಲುತ್ತದೆ.

ಕೀಸರ್ವರಿನಿಂದ ಕೀ ತರುವಾಗ ‘ನ್ಯೂ ಕೀ ಬಟ್ ಕಂಟೇನ್ಸ್ ನೋ ಯೂಸರ್ ಐಡಿ’ ಬಂದರೆ ದೋಷ ನಿಮ್ಮಲ್ಲಿಲ್ಲ. 2019ರಲ್ಲಿ ಶುರುವಾದ ‘ಕೀಸ್.ಓಪನ್‌ಪಿಜಿಪಿ.ಆರ್ಗ್’, ಇಮೇಲ್ ಒಡೆಯರು ಒಪ್ಪಿಗೆ ಕೊಡದಿದ್ದರೆ ಹೆಸರು ಮತ್ತು ವಿಳಾಸ ತೆಗೆದು ಬರಿಯ ಕೀ ಕೊಡುತ್ತದೆ. ಹೆಸರಿಲ್ಲದ ಕೀಯನ್ನು ಜಿಪಿಜಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೀಯ ಒಡೆಯರನ್ನೇ ಕೇಳಿ ತರಿಸಿಕೊಳ್ಳಿ. ಸರ್ವರ್ ಮುಟ್ಟಲೇ ಆಗದಿದ್ದರೆ, ನಿಮ್ಮ ಮನೆಯ ನೆಟ್‌ನಲ್ಲಿ ಐಪಿವಿ6 ಹೆಸರಿಗೆ ಮಾತ್ರ ಇದೆಯೇ ಎಂದು ನೋಡಿ. ‘ಡಿರ್‌ಮ್ಯಾಂಜರ್.ಕಾನ್ಫ್’ನಲ್ಲಿ ‘ಡಿಸೇಬಲ್-ಐಪಿವಿ6’ ಬರೆದು ಡಿರ್‌ಮ್ಯಾಂಜರನ್ನು ಕಿಲ್ ಮಾಡಿ.

‘ಯೂಸಿಂಗ್ ಇನ್‌ಸೆಕ್ಯೂರ್ ಮೆಮೊರಿ’ ಎಂಬುದು ದೋಷವಲ್ಲ, ಎಚ್ಚರಿಕೆ. ಗುಟ್ಟಿನ ವಿಷಯ ಡಿಸ್ಕಿನ ಸ್ವಾಪ್ ಜಾಗಕ್ಕೆ ಹೋಗದಂತೆ ಬೀಗ ಹಾಕಲು ಆಗಲಿಲ್ಲ ಎಂದು ಹೇಳುತ್ತಿದೆ. ಲಾಗಿನ್.ಕಾನ್ಫ್‌ನ ‘ಮೆಮೊರಿಲಾಕ್ಡ್’ ಮಿತಿ ನೋಡಿ. ಜೊತೆಗೆ ಸ್ವಾಪನ್ನೇ ಎನ್‌ಕ್ರಿಪ್ಟ್ ಮಾಡಿಬಿಡಿ. ಫ್ರೀಬಿಎಸ್‌ಡಿಯಲ್ಲಿ ಇದು ಬಹಳ ಸುಲಭ: ‘ಎಫ್‌ಎಸ್‌ಟ್ಯಾಬ್’ನಲ್ಲಿ ಸ್ವಾಪ್ ಡಿವೈಸ್ ಹೆಸರಿನ ಕೊನೆಗೆ ‘.ಇಎಲ್‌ಐ’ ಸೇರಿಸಿದರೆ ಸಾಕು, ಮುಂದಿನ ಬೂಟ್‌ನಿಂದ ಉಳಿದದ್ದನ್ನು ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಗೆಲಿ ನೋಡಿಕೊಳ್ಳುತ್ತದೆ.

ಎಲ್ಲ ನೋಡಿದ ಮೇಲೂ ಪಾಸ್‌ಫ್ರೇಸ್ ನೆನಪಿಗೇ ಬರುತ್ತಿಲ್ಲ ಎಂದಾದರೆ ಅದಕ್ಕೆ ದುರಸ್ತಿ ಇಲ್ಲ. ಆ ಕೀಗೆ ಬಂದ ಫೈಲುಗಳು ಹೋದವು ಎಂದೇ ಲೆಕ್ಕ. ಬೇರೆಯವರು ಇನ್ನು ಮುಂದೆ ಆ ಕೀ ಬಳಸದ ಹಾಗೆ ಮಾತ್ರ ಮಾಡಬಹುದು. 2.1ರಿಂದ ಈಚೆಗೆ ಹುಟ್ಟಿಸಿದ ಕೀ ಆದರೆ ಅದರ ರದ್ದತಿ ಪತ್ರ ‘ಓಪನ್‌ಪಿಜಿಪಿ-ರೆವಾಕ್ಸ್.ಡಿ’ ಫೋಲ್ಡರಿನಲ್ಲಿ ತಾನಾಗಿ ಬಂದು ಕೂತಿರುತ್ತದೆ. ಅದನ್ನು ಬಳಸಲು ಪಾಸ್‌ಫ್ರೇಸ್ ಬೇಕಿಲ್ಲ. ಹಾಗೆಯೇ ಇಂಪೋರ್ಟ್ ಮಾಡಿದರೆ ಆಗುವುದಿಲ್ಲ, ಏಕೆಂದರೆ ಕೈತಪ್ಪಿ ರದ್ದಾಗದಿರಲಿ ಎಂದು ಐದು ಅಡ್ಡಗೆರೆಗಳಿಂದ ಶುರುವಾಗುವ ಮೊದಲ ಸಾಲಿನ ಆರಂಭದಲ್ಲೇ ಒಂದು ‘:’ ಇಟ್ಟಿರುತ್ತಾರೆ. ಅದನ್ನು ಅಳಿಸಿ, ಇಂಪೋರ್ಟ್ ಮಾಡಿ, ರದ್ದಾದ ಕೀಯನ್ನು ಕೀಸರ್ವರಿಗೂ ನಿಮಗೆ ಫೈಲ್ ಕಳಿಸುವವರಿಗೂ ಕಳಿಸಿ.